ನಾಲ್ಕು ಹನಿ ಹೈಪೊ

ಲೆಕ್ಕ ಕೂಡಿಬಂದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ. ಯಾರಿಗಾದರೂ ಹೇಳಲೇಬೇಕು, ಅದೂ ಆ ಕ್ಷಣವೇ. ಹುಬ್ಬಳ್ಳಿಯಲ್ಲಿ ಶಾಲೆಗೆ ಹೋಗುವಾಗ ನನ್ನ ಉತ್ತರವು ಗಣಿತ ಪುಸ್ತಕದ ಹಿಂದಿನ ಪುಟದ ಉತ್ತರಕ್ಕೆ ಹೊಂದಿತೆಂದರೆ ಪುಸ್ತಕ ಹಿಡಿದು ಹಿತ್ತಲಿಗೆ ಓಡುತ್ತಿದ್ದೆ. ಬಟ್ಟೆ ಒಗೆಯುತ್ತಿದ್ದ ಅಮ್ಮ ಸೋಪಿನ ಕೈಯಲ್ಲೇ, "ಹೌದೇನ? ಭಾಳ ಛಲೋ ಆತು. ಈ ಬಕೀಟ ಒಂದೀಟು ಅತ್ತಾಗ ಸರಸು," ಎನ್ನುತ್ತಿದ್ದಳು. ಅಷ್ಟು ಸಾಕಾಗುತ್ತಿತ್ತು ನನಗೆ.

ಈ ಸ್ವಭಾವವನ್ನು ಕಟ್ಟಿಕೊಂಡೇ ಎಂ.ಎಸ್ಸಿ. ಮುಗಿಸಿ ವಡೋದರಾಕ್ಕೆ ಬಂದೆ. ಕೆಲಸ ಸಿಕ್ಕಿದ್ದು ಗೋರ್ವಾದ ಒಂದು ಪರೀಕ್ಷಾ ಲ್ಯಾಬಿನಲ್ಲಿ. ಸುತ್ತಮುತ್ತಲಿನ ಸಣ್ಣ ಕಾರ್ಖಾನೆಗಳವರು ತಾವು ತಯಾರಿಸಿದ ಮೈಲುತುತ್ತ, ಬ್ಲೀಚಿಂಗ್ ಪೌಡರು, ಕಾಸ್ಟಿಕ್ ಸೋಡಾಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತರುತ್ತಿದ್ದರು. ಅದರಲ್ಲಿ ಅಸಲು ಎಷ್ಟು, ಕಸ ಎಷ್ಟು ಎಂದು ಹೇಳುವುದು ನಮ್ಮ ಕೆಲಸ. ಅಲ್ಲೇ ಹತ್ತಿರದ ಫ್ಲ್ಯಾಟಿನಲ್ಲಿ ಕರ್ನಾಟಕದ ಇನ್ನಿಬ್ಬರು ಹುಡುಗಿಯರ ಜೊತೆ ನನ್ನ ವಾಸ. ಒಬ್ಬಳಿಗೆ ಅಲ್ಕಾಪುರಿಯ ಬ್ಯಾಂಕಿನಲ್ಲಿ ಕೆಲಸ, ಇನ್ನೊಬ್ಬಳು ಓದುತ್ತಿದ್ದಳು. ಇಬ್ಬರೂ ನನ್ನ ಲ್ಯಾಬಿನ ಕಥೆ ಕೇಳಿ ಕೇಳಿ ರೋಸಿಹೋಗಿದ್ದರು.

ಲ್ಯಾಬಿನಲ್ಲಿ ನನ್ನನ್ನು ತಿದ್ದಿದವರು ಐವತ್ತಾರು ವಯಸ್ಸಿನ ಒಬ್ಬ ಗುಜರಾತಿ ಹೆಂಗಸು. ನಾವೆಲ್ಲ ಅವರನ್ನು ಬೆನ್, ಅಂದರೆ ಅಕ್ಕ, ಎನ್ನುತ್ತಿದ್ದೆವು. ಸಣಕಲು ಮೈ, ಹತ್ತಿ ಸೀರೆಯ ಮೇಲೆ ಬಿಳಿ ಕೋಟು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಕಿಟಕಿಯ ಪಕ್ಕದ, ಹನಿ ಎಣಿಸಿ ಅಂಶ ಅಳೆಯುವ ಟೈಟ್ರೇಶನ್ ಮೇಜಿನ ಮುಂದೆ ಇಪ್ಪತ್ತೆರಡು ವರ್ಷದಿಂದ ನಿಂತವರು. ಅವರ ಬ್ಯೂರೆಟ್ಟನ್ನು, ಅಂದರೆ ಹನಿ ಹನಿಯಾಗಿ ದ್ರಾವಣ ಬಿಡುವ ಆ ಗೀಟು ಹಾಕಿದ ಗಾಜಿನ ಕೊಳವೆಯನ್ನು, ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ನಮ್ಮಿಬ್ಬರ ಮಾತು ಅರ್ಧ ಹಿಂದಿ, ಅರ್ಧ ಗುಜರಾತಿ. ಇಲ್ಲಿ ಅದನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಮೊದಲ ವಾರವೇ ಅವರು ನನ್ನ ಡಿಗ್ರಿಯ ಗಾಳಿ ತೆಗೆದರು. ಒಂದು ಲೀಟರ್ ದ್ರಾವಣ ಮಾಡು ಎಂದರು. ನಾನು ಒಂದು ಲೀಟರ್ ನೀರು ಅಳೆದು ಅದಕ್ಕೆ ಉಪ್ಪು ಸುರಿಯಲು ಹೊರಟೆ. ಪುಸ್ತಕದಲ್ಲಿ ಹತ್ತು ಸಲ ಓದಿದ್ದರೂ ಕೈಗೆ ಅದು ಇಳಿದಿರಲಿಲ್ಲ. ಬೆನ್ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. "ಒಂದು ಲೀಟರ್ ನೀರಿಗೆ ಹಾಕುವುದಲ್ಲ. ಮೊದಲು ಸ್ವಲ್ಪ ನೀರಿನಲ್ಲಿ ಕರಗಿಸು, ಆಮೇಲೆ ಎಲ್ಲ ಸೇರಿ ಒಂದು ಲೀಟರ್ ಆಗುವವರೆಗೆ ನೀರು ಹಾಕು. ಉಪ್ಪಿಗೂ ಕೂರಲು ಜಾಗ ಬೇಕಲ್ಲವಾ?" ಎಂದರು. ಸಾಂದ್ರತೆ ಎನ್ನುವುದು ಎಷ್ಟು ಹಾಕಿದೆ ಎಂಬ ಪ್ರಶ್ನೆಯಲ್ಲ, ಎಷ್ಟರಲ್ಲಿ ಎಷ್ಟಿದೆ ಎಂಬ ಪ್ರಶ್ನೆ. ಈ ಮಾತು ನನಗೆ ಅವತ್ತು ತಲೆಗೆ ಹೋಯಿತು. ಅವತ್ತಿನಿಂದ ಊರಿನಲ್ಲಿ ಕಂಡದ್ದೆಲ್ಲ ದ್ರಾವಣವಾಗಿ ಕಾಣತೊಡಗಿತು. ಕಬ್ಬಿನ ಹಾಲಿನ ಅಂಗಡಿಯವನು ಐಸು ಹಾಕಿದರೆ ಮನಸ್ಸಿನಲ್ಲೇ ಭಾಗಾಕಾರ ಮಾಡುತ್ತಿದ್ದೆ.

ಬೆನ್‌ರದು ಒಂದು ವಿಚಿತ್ರ ಪದ್ಧತಿ ಇತ್ತು. ನೀರು ಭಟ್ಟಿ ಇಳಿಸುವ ಯಂತ್ರ ಮಹಡಿಯ ಮೇಲಿನ ತಗಡಿನ ಕೋಣೆಯಲ್ಲಿತ್ತು. ಅಲ್ಲಿಂದ ಕ್ಯಾನಿನಲ್ಲಿ ಹಿಡಿದ ನೀರನ್ನು ಅವರು ಅವತ್ತೇ ಬಳಸುತ್ತಿರಲಿಲ್ಲ. ಕೆಳಗೆ ತಂದು ಎ.ಸಿ. ಇದ್ದ ತಮ್ಮ ಕೋಣೆಯ ಮೂಲೆಯಲ್ಲಿಟ್ಟು ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಅದನ್ನು ತೆಗೆಯುವುದು ಮಾರನೆಯ ದಿನವೇ. "ಪಾಣಿನೆ ಸುವಾ ದೇ," ಎನ್ನುತ್ತಿದ್ದರು, ನೀರನ್ನು ಮಲಗಲು ಬಿಡು ಎಂದು. ಯಾಕೆ ಎಂದು ಕೇಳಿದರೆ, "ನನಗೆ ಕಲಿಸಿದವರು ಹಾಗೇ ಮಾಡುತ್ತಿದ್ದರು," ಅಷ್ಟೇ ಉತ್ತರ. ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಉಪ್ಪು ಕೊಡುವುದಿಲ್ಲವಲ್ಲ, ಆ ಜಾತಿಯದ್ದು ಇದು ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಒಂದು ಮೇ ತಿಂಗಳಲ್ಲಿ ಬೆನ್ ಸೋದರ ಸೊಸೆಯ ಮದುವೆಗೆಂದು ಎರಡು ದಿನ ರಜೆ ಹಾಕಿದರು. ಅದೇ ಹೊತ್ತಿಗೆ ಡೈಕ್ರೋಮೇಟ್ ಮುಗಿಯಿತು. ಇದು ಕಿತ್ತಳೆ ಬಣ್ಣದ ಹರಳು. ಲೀಟರಿಗೆ ನಾಲ್ಕು ಪಾಯಿಂಟ್ ಒಂಬತ್ತು ಸೊನ್ನೆ ಮೂರು ಗ್ರಾಂ ತೂಗಿ ಕರಗಿಸಿದರೆ ಅದರ ಸಾಂದ್ರತೆ ಇಷ್ಟೇ ಎಂದು ಕಣ್ಣುಮುಚ್ಚಿ ಹೇಳಬಹುದು, ಬೇರೆ ಯಾವುದರಿಂದಲೂ ಪರೀಕ್ಷಿಸಬೇಕಾಗಿಲ್ಲ. ಉಳಿದ ದ್ರಾವಣಗಳನ್ನು ಇದರ ಎದುರು ಒರೆಗೆ ಹಚ್ಚುತ್ತೇವೆ. ಅವುಗಳಲ್ಲಿ ಮುಖ್ಯವಾದದ್ದು ಸೋಡಿಯಂ ಥಯೋಸಲ್ಫೇಟ್, ಲ್ಯಾಬಿನ ಮಂದಿಯ ಬಾಯಲ್ಲಿ ಹೈಪೊ. ಡೈಕ್ರೋಮೇಟ್ ನಾನೇ ಮಾಡುತ್ತೇನೆ ಎಂದು ಮುಂದೆ ಬಿದ್ದೆ. ಮಲಗಿಸಿದ ನೀರಿನ ಕ್ಯಾನು ಬರಿದಾಗಿತ್ತು. ನಾಳೆಯವರೆಗೆ ಕಾಯುವ ಜಾಯಮಾನ ನನ್ನದಲ್ಲ. ಮಹಡಿಗೆ ಹೋಗಿ ಯಂತ್ರದ ಬಾಯಿಂದಲೇ ನೀರು ಹಿಡಿದೆ, ಅಲ್ಲೇ ಇದ್ದ ಬೆಂಚಿನ ಮೇಲೆ ಕರಗಿಸಿ ಫ್ಲಾಸ್ಕಿನ ಕತ್ತಿನ ಗೀಟಿಗೆ ಸರಿಯಾಗಿ ನೀರು ನಿಲ್ಲಿಸಿದೆ. ಆ ಗೀಟಿಗೆ ನೀರಿನ ಕೆಳಬಾಗು ತಾಗಿ ನಿಂತದ್ದನ್ನು ನೋಡಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬಾಟಲಿಗೆ ಚೀಟಿ ಅಂಟಿಸಿ ಸಹಿ ಹಾಕಿ, ನಮ್ಮ ಲ್ಯಾಬಿನ ನಿಯಮದಂತೆ ಸಹಿಯ ಪಕ್ಕ ತಾರೀಖು, ಗಂಟೆ ಎರಡನ್ನೂ ಬರೆದೆ.

ರಜೆ ಮುಗಿಸಿ ಬಂದ ಬೆನ್ ಆ ಡೈಕ್ರೋಮೇಟಿನಿಂದ ಹೊಸ ಹೈಪೊವನ್ನು ಒರೆಗೆ ಹಚ್ಚಿದರು. ಮೂರು ಸಲ ನೋಡಿದರು, ಮೂರು ಸಲವೂ ಒಂದೇ ಅಂಕಿ. "ಒಳ್ಳೆ ಕೈ ನಿನ್ನದು," ಎಂದು ನನ್ನ ಕಡೆ ನೋಡಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ವಾರ ಕಳೆಯುವುದರಲ್ಲಿ ರಗಳೆ ಶುರುವಾಯಿತು. ಗೋರ್ವಾದ ಒಬ್ಬ ತಯಾರಕರ ಮೈಲುತುತ್ತ ಸೂರತ್ತಿನ ಒಂದು ಕಂಪನಿಗೆ ಹೋಗುತ್ತಿತ್ತು. ಶುದ್ಧತೆ ತೊಂಬತ್ತೊಂಬತ್ತಕ್ಕಿಂತ ಕಡಿಮೆ ಇರಬಾರದು ಎಂದು ಕರಾರು. ಬೆನ್ ಆ ಹೊಸ ಹೈಪೊದಿಂದಲೇ ಪರೀಕ್ಷಿಸಿ 98.6 ಎಂದು ಬರೆದರು. ಮೈಲುತುತ್ತ ಎಷ್ಟು ಶುದ್ಧವೋ ಅಷ್ಟು ಹೆಚ್ಚು ಹೈಪೊ ಹಿಡಿಯುತ್ತದೆ. ತಯಾರಕರು ಅದೇ ಸರಕಿನ ಸ್ಯಾಂಪಲ್ಲನ್ನು ಕೊಳ್ಳುವವರ ಸೂರತ್ ಲ್ಯಾಬಿಗೆ ಕಳಿಸಿದರೆ ಅಲ್ಲಿ 99.1 ಬಂತು. ಸಾಮಾನ್ಯವಾಗಿ ಕೊಳ್ಳುವವರ ಲ್ಯಾಬು ಕಡಿಮೆ ತೋರಿಸಿ ಜಗಳ ತೆಗೆಯುತ್ತದೆ. ಇಲ್ಲಿ ಉಲ್ಟಾ. ತಯಾರಕರು ನಮ್ಮ ಬಾಗಿಲಲ್ಲಿ ನಿಂತು, "ನನ್ನ ಗಿರಾಕಿ ನನ್ನ ಮಾಲು ಚೆನ್ನಾಗಿದೆ ಅನ್ನುತ್ತಾನೆ, ನನ್ನ ಸ್ವಂತ ಲ್ಯಾಬು ಕೆಟ್ಟಿದೆ ಅನ್ನುತ್ತದೆ!" ಎಂದು ಕೂಗಾಡಿದರು. ಬೆನ್ ಮತ್ತೆ ಮಾಡಿದರು, 98.6. ಇನ್ನೊಂದು ಸರಕು ಬಂತು, ಅದೂ ಸೂರತ್ತಿಗಿಂತ ಅರ್ಧ ಪರ್ಸೆಂಟ್ ಕಡಿಮೆ.

ಅರ್ಧ ಪರ್ಸೆಂಟ್ ಎಂದರೆ ಬ್ಯೂರೆಟ್ಟಿನ ಮೇಲೆ ಎರಡು ಸಣ್ಣ ಗೀಟು, ನಾಲ್ಕೇ ನಾಲ್ಕು ಹನಿ ಹೈಪೊ. ಲ್ಯಾಬಿನ ಮುಖ್ಯಸ್ಥರು, ನಮ್ಮ ಸರ್, ಬೆನ್‌ರನ್ನು ಒಳಗೆ ಕರೆದು ಲೆಕ್ಕ ತೋರಿಸಿದರು. ನೀವು ಓದಿದ್ದು 39.5 ಮಿಲಿಲೀಟರ್, ಸೂರತ್ತಿನವರದು ಸರಿಯಿದ್ದರೆ 39.7 ಬರಬೇಕಿತ್ತು, ಎರಡು ಗೀಟು ಕಡಿಮೆ ಓದುತ್ತಿದ್ದೀರಿ ಎಂದರು. ಕೆಟ್ಟವರಲ್ಲ ಅವರು, ಮೆತ್ತಗೆ ಬೆನ್‌ರ ವಯಸ್ಸು ಕೇಳಿದರು. ಅಷ್ಟರಲ್ಲಿ ಸೂರತ್ತಿನ ಕೆಮಿಸ್ಟನ ಫೋನು ಬಂತು. ಸ್ಪೀಕರ್ ಆನ್ ಇತ್ತು. "ಆ ಮಾಸಿಯ ಕಣ್ಣು ಒಮ್ಮೆ ಡಾಕ್ಟರಿಗೆ ತೋರಿಸಿ ಸಾಹೇಬ್ರೇ," ಎಂದು ಆತ ನಕ್ಕದ್ದು ಬಾಗಿಲ ಹೊರಗೆ ನಿಂತ ನನಗೂ ಕೇಳಿಸಿತು. ಮಾಸಿ ಎಂದರೆ ಚಿಕ್ಕಮ್ಮ, ಆತನ ಬಾಯಲ್ಲಿ ಅದು ಮುದುಕಿ ಎಂದ ಹಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಕೊನೆಗೆ ಸರ್ ಒಂದು ತೀರ್ಮಾನಕ್ಕೆ ಬಂದರು. ಸೋಮವಾರ ಬೆನ್ ಸೂರತ್ತಿಗೆ ಹೋಗಿ ಅವರ ಕೆಮಿಸ್ಟನ ಎದುರಿಗೇ ಪರೀಕ್ಷೆ ಮಾಡಬೇಕು. ಅಲ್ಲೂ ಆ ಎರಡು ಗೀಟಿನ ವ್ಯತ್ಯಾಸ ಬಂದರೆ ಮಂಗಳವಾರದಿಂದ ಅವರು ಸ್ಯಾಂಪಲ್ ನೋಂದಾಯಿಸುವ ಮೇಜಿಗೆ ಹೋಗಬೇಕು, ಟೈಟ್ರೇಶನ್ ಮೇಜು ನನಗೆ. ಇಪ್ಪತ್ತೆರಡು ವರ್ಷ ನಿಂತ ಜಾಗ ಅದು. ನನಗೆ ಅದು ಬೇಡವಾಗಿತ್ತು, ದೇವರಾಣೆ ಬೇಡವಾಗಿತ್ತು.

ಆ ವಾರ ಬೆನ್ ಬ್ಯೂರೆಟ್ಟಿನ ಹಿಂದೆ ಬಿಳಿ ಕಾರ್ಡು ಹಿಡಿದು ಒಂದೊಂದು ಅಂಕಿಯನ್ನೂ ಮೂರು ಮೂರು ಸಲ ಓದಿದರು. ನನ್ನನ್ನು ಕರೆದು, "ನಿನಗೆ ಎಷ್ಟು ಕಾಣುತ್ತದೆ?" ಎಂದು ಕೇಳುತ್ತಿದ್ದರು. ನನಗೂ ಅವರಿಗೆ ಕಂಡಷ್ಟೇ ಕಾಣುತ್ತಿತ್ತು. ಹಾಗೆ ಹೇಳಿದರೆ, "ನೀನು ಪ್ರೀತಿಗೆ ಹೇಳುತ್ತೀ," ಎಂದುಬಿಡುತ್ತಿದ್ದರು. ದ್ರಾವಣದ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ನಾನೂ ರಿಜಿಸ್ಟರು ತೆಗೆದು ನೋಡಿದೆ. ಡೈಕ್ರೋಮೇಟಿನ ತೂಕ ನಾಲ್ಕನೇ ದಶಾಂಶದವರೆಗೂ ಸರಿ ಇತ್ತು.

ಶನಿವಾರ ಸಂಜೆ ಅಹಮದಾಬಾದಿಗೆ ಹೋದೆ. ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ನನ್ನ ಚಿಕ್ಕಮ್ಮನ ಮನೆ. ಚಿಕ್ಕಪ್ಪ ವಿಮಾ ಕಂಪನಿಯವರು, ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ನಾಲ್ಕು ವರ್ಷವಾಗಿತ್ತು. ಅವರಿಗೆ ಸಕ್ಕರೆ ಕಾಯಿಲೆ, ಸಿಹಿಯ ಆಸೆಯೂ ಅಷ್ಟೇ ಜೋರು. ನಾನು ಹೋದಾಗ ಚಿಕ್ಕಮ್ಮ ಬೇಸಿಗೆಯ ನೆಂಟರಿಗೆಂದು ಶುಂಠಿ ಶರಬತ್ತಿನ ಪಾಕ ಕುದಿಸಿ, ಬಿಸಿ ಬಿಸಿಯಾಗಿಯೇ ಮೂರು ಉದ್ದ ಕತ್ತಿನ ಗಾಜಿನ ಬಾಟಲಿಗೆ ಬಾಯಿಮಟ ತುಂಬಿ ಬಿರಡೆ ಹಾಕುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅವಲಕ್ಕಿ ತಿನ್ನುತ್ತಿದ್ದೆವು. ಚಿಕ್ಕಮ್ಮ ಅಡುಗೆಮನೆಯಿಂದ ಮೂರು ಬಾಟಲಿಗಳನ್ನೂ ತಂದು ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟಳು. ಪಾಕ ಕತ್ತಿನಲ್ಲಿ ಎರಡು ಬೆರಳು ಕೆಳಗಿಳಿದಿತ್ತು.

"ಖರೇ ಹೇಳ್ರಿ, ಎಷ್ಟ ಕುಡದ್ರಿ?" ಎಂದಳು ಚಿಕ್ಕಪ್ಪನಿಗೆ.

"ನಾ ಮುಟ್ಟೇ ಇಲ್ಲ ಮಾರಾಯ್ತಿ."

"ಮತ್ತ ಬೆಕ್ಕ ಕುಡೀತೇನು ಬಿರಡಿ ತಗದು? ನಿನ್ನೆ ನಾ ಬಾಯಿತನಕಾ ತುಂಬೇನಿ, ಇಕೀನೂ ನೋಡ್ಯಾಳ."

ನನ್ನನ್ನು ಸಾಕ್ಷಿಗೆ ಎಳೆದಳು. ಚಿಕ್ಕಪ್ಪ ಚಮಚ ಕೆಳಗಿಟ್ಟು ಕೋರ್ಟಿನಲ್ಲಿ ನಿಂತವರ ಹಾಗೆ ಬೆರಳು ಎತ್ತಿದರು. "ಅಲ್ಲ, ಸ್ವಲ್ಪ ವಿಚಾರ ಮಾಡು. ನಾ ಕಳ್ಳತನಾನ ಮಾಡಿದ್ರ ಒಂದ ಬಾಟ್ಲಿ ಒಳಗ ಕುಡೀತಿದ್ದೆ. ಮೂರೂದ್ರಾಗೂ ಬರೋಬ್ಬರಿ ಎರಡೆರಡ ಬೆರಳ ಕುಡೀಲಿಕ್ಕೆ ಅಳತೀ ಪಟ್ಟಿ ಹಿಡಕೊಂಡು ಕೂತಿದ್ನೇನು?"

ನಾನು ಜೋರಾಗಿ ನಕ್ಕೆ. "ಕಾಕಾ ಕುಡದಿಲ್ಲ ಚಿಕ್ಕಮ್ಮ. ನೀ ಬಿಸೀದ ತುಂಬೀ. ಆರಿದ ಮ್ಯಾಲೆ ಅದು ಕುಗ್ಗತೈತಿ. ಬಿಸಿ ಇದ್ದಾಗ ಗೀಟಿಗೆ ನಿಲ್ಲಿಸಿದ್ರ..."

ಮಾತು ಅಲ್ಲಿಗೇ ನಿಂತಿತು. ಅವಲಕ್ಕಿಯ ಚಮಚ ಬಾಯಿಯ ಹತ್ತಿರ ಬಂದದ್ದು ಹಾಗೇ ಉಳಿಯಿತು. ಮಹಡಿಯ ತಗಡಿನ ಕೋಣೆ, ಯಂತ್ರದ ಬಾಯಿಂದ ಬಂದ ನೀರು, ನನ್ನ ಫ್ಲಾಸ್ಕಿನ ಗೀಟು ಎಲ್ಲ ಒಟ್ಟಿಗೆ ಕಣ್ಣಿಗೆ ಬಂತು. ಆ ಫ್ಲಾಸ್ಕಿನ ಹೊಟ್ಟೆಯ ಮೇಲೆ ಸಣ್ಣ ಅಕ್ಷರದಲ್ಲಿ ಇಪ್ಪತ್ತೇಳು ಡಿಗ್ರಿ ಎಂದು ಬರೆದಿರುತ್ತದೆ. ಆ ಬಿಸಿಯಲ್ಲಿ ಮಾತ್ರ ಅದು ಒಂದು ಲೀಟರ್ ಎಂದು ಅರ್ಥ. ನಾನು ನೀರು ಮುಟ್ಟಿ ನೋಡಿದ್ದೆ, ಬಿಸಿ ಅನಿಸಿರಲಿಲ್ಲ. ಮೇ ತಿಂಗಳ ವಡೋದರಾದಲ್ಲಿ ನಲ್ಲಿಯ ನೀರೇ ಕೈ ಸುಡುವಾಗ ನಲವತ್ತು ಡಿಗ್ರಿಯ ನೀರು ಯಾರಿಗೆ ಬಿಸಿ ಅನಿಸುತ್ತದೆ?

"ಪೆನ್ನು! ಪೆನ್ನು ಕೊಡ್ರಿ!" ಎಂದು ಕಿರುಚಿದೆ. ಚಿಕ್ಕಪ್ಪ ಗಾಬರಿಯಿಂದ ಪೆನ್ನು ಕೊಟ್ಟರು. ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಹಿಂಬದಿಗೆ ಬರೆಯತೊಡಗಿದೆ. ಯಾವ ಬಿಸಿಯಲ್ಲಿ ನೀರು ಎಷ್ಟು ತೂಗುತ್ತದೆ ಎಂಬ ಪಟ್ಟಿಯನ್ನು ಫೋನಿನಲ್ಲಿ ತೆಗೆದೆ. ನಲವತ್ತು ಡಿಗ್ರಿಯಲ್ಲಿ ಒಂದು ಮಿಲಿಲೀಟರ್ ನೀರು 0.9922 ಗ್ರಾಂ. ನಮ್ಮ ಎ.ಸಿ. ಕೋಣೆಯ ಇಪ್ಪತ್ತೈದರಲ್ಲಿ 0.9970. ಅಂದರೆ ಮಹಡಿಯ ಮೇಲೆ ಒಂದು ಲೀಟರ್ ಎಂದು ನಾನು ನಿಲ್ಲಿಸಿದ್ದು ಕೆಳಗೆ ಆರಿದ ಮೇಲೆ ಒಂದು ಲೀಟರಿಗಿಂತ ಸುಮಾರು ಐದು ಮಿಲಿಲೀಟರ್ ಕಡಿಮೆ. ಹರಳು ಅಷ್ಟೇ, ಜಾಗ ಕಡಿಮೆ. ನನ್ನ ಡೈಕ್ರೋಮೇಟು ಚೀಟಿಯಲ್ಲಿ ಬರೆದದ್ದಕ್ಕಿಂತ ಅರ್ಧ ಪರ್ಸೆಂಟ್ ಗಟ್ಟಿ!

ಮುಂದಿನದು ತಾನಾಗಿ ಬಂತು. ಗಟ್ಟಿ ಡೈಕ್ರೋಮೇಟಿಗೆ ಹೈಪೊ ಹೆಚ್ಚು ಬೇಕಾಯಿತು. ಹೆಚ್ಚು ಬೇಕಾಯಿತೆಂದು ಹೈಪೊ ತೆಳುವಾಗಿದೆ ಎಂದುಕೊಂಡೆವು. ತೆಳು ಹೈಪೊ ಇಷ್ಟೇ ಖರ್ಚಾಯಿತಲ್ಲ, ಹಾಗಾದರೆ ಮೈಲುತುತ್ತವೇ ಕಡಿಮೆ ಎಂದು ಬರೆದೆವು. ಬೆನ್‌ರ 98.6 ಅನ್ನು ಆ ಅರ್ಧ ಪರ್ಸೆಂಟಿನಿಂದ ಮೇಲಕ್ಕೆ ತಂದೆ. 99.07. ಹತ್ತಿರದ ದಶಾಂಶಕ್ಕೆ 99.1. ಸೂರತ್ತಿನ ಅಂಕಿ! ಬೆನ್‌ರ ಕಣ್ಣು ಒಂದು ಹನಿಯನ್ನೂ ತಪ್ಪಾಗಿ ಓದಿರಲಿಲ್ಲ.

ಎದ್ದು ಕುಣಿದೆ. ಸುಳ್ಳಲ್ಲ, ಮೂವತ್ತರ ಹತ್ತಿರದ ಹೆಂಗಸು ಸ್ಯಾಟಲೈಟ್‌ನ ಐದನೇ ಮಹಡಿಯ ಫ್ಲ್ಯಾಟಿನಲ್ಲಿ ಕುಣಿದೆ. ಚಿಕ್ಕಮ್ಮನ ಎರಡೂ ಕೈ ಹಿಡಿದು ತಿರುಗಿಸಿದೆ. ನೀರನ್ನು ಮಲಗಿಸುವುದು ಯಾಕೆ ಎಂದು ಅವಳಿಗೆ ಹೇಳಿದೆ, ಅವಳಿಗೆ ಏನೂ ತಿಳಿಯಲಿಲ್ಲ. ಚಿಕ್ಕಪ್ಪನಿಗೆ ಮಾತ್ರ ಬೇಕಾದಷ್ಟು ತಿಳಿಯಿತು. "ಅಂದ್ರ ನಾ ನಿರಪರಾಧಿ ಅಂತ ಸೈನ್ಸ ಹೇಳ್ತೈತಿ. ಹಂಗಾದ್ರ ಈಗ ಒಂದ ಗ್ಲಾಸ್ ಶರಬತ್ತು ಕೊಡು," ಎಂದರು. ಕೊಡಲಿಲ್ಲ ಅವಳು.

ಒಂಬತ್ತೂಕಾಲಿಗೆ ಸರ್‌ಗೆ ಫೋನ್ ಮಾಡಿದೆ. ಉಸಿರು ಬಿಡದೆ ಎಲ್ಲ ಹೇಳಿದೆ. ಫ್ಲಾಸ್ಕು, ಬಿಸಿ, ಅರ್ಧ ಪರ್ಸೆಂಟ್, 99.07. ಅವರು ಒಂದೇ ಪ್ರಶ್ನೆ ಹಾಕಿದರು.

"ಆ ಡೈಕ್ರೋಮೇಟ್ ಮಾಡಿದವರು ಯಾರು?"

ಅಲ್ಲಿಯವರೆಗೆ ಅದು ನನ್ನ ತಲೆಗೆ ಬಂದಿರಲೇ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ಲೆಕ್ಕದ ಹುಕಿಯಲ್ಲಿ ನಾನು ಕಳ್ಳನನ್ನು ಹಿಡಿದಿದ್ದೆ, ಕಳ್ಳ ನಾನೇ ಎಂಬುದು ಮರೆತಿತ್ತು. "ನಾನು ಸರ್," ಎಂದೆ. ಅವರು ಬೈಯಲಿಲ್ಲ. ಆ ಹೈಪೊ ಬಳಸಿ ಕೊಟ್ಟ ವರದಿಗಳನ್ನೆಲ್ಲ ನೀನೇ ಮತ್ತೆ ಮಾಡಬೇಕು, ನಾಳೆ ಬೆನ್ ಜೊತೆ ಸೂರತ್ತಿಗೆ ಹೋಗಿ ಅವರ ಎದುರು ನೀನೇ ಒಪ್ಪಿಕೊಳ್ಳಬೇಕು ಎಂದರು. "ಬೆನ್‌ಗೆ ನಾನು ಹೇಳುವುದಿಲ್ಲ, ನೀನೇ ಹೇಳು," ಎಂದು ಫೋನ್ ಇಟ್ಟರು.

ನಾಚಿಕೆ ಆಯಿತು, ಆದರೆ ಖುಷಿ ಅದಕ್ಕಿಂತ ದೊಡ್ಡದಿತ್ತು. ಬೆನ್‌ರ ನಂಬರು ತೆಗೆದೆ. ಒತ್ತಬೇಕು ಎನ್ನುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಫೋನಿನಲ್ಲಿ ಹೇಳಿದರೆ ಅವರ ಮುಖ ಕಾಣುವುದಿಲ್ಲವಲ್ಲ! ನಾಳೆ ರೈಲಿನಲ್ಲಿ, ಎದುರಿಗೆ ಕೂತು, ಹಾಳೆ ಬಿಡಿಸಿ ಹೇಳಬೇಕು. ಆ ಮುಖ ಅರಳುವುದನ್ನು ನಾನು ನೋಡಬೇಕು. ಆ ನಂಬರು ಬಿಟ್ಟೆ. ಆಮೇಲೆ ಅಮ್ಮನಿಗೆ ಮಾಡಿ ಹೇಳಿದೆ, ಫ್ಲ್ಯಾಟಿನ ಗೆಳತಿಯರಿಗೆ ಮಾಡಿ ಹೇಳಿದೆ, ಮಧ್ಯಾಹ್ನ ಊಟಕ್ಕೆ ಬಂದ ಚಿಕ್ಕಪ್ಪನ ಆಫೀಸಿನವರಿಗೂ ಬಾಟಲಿ ತೋರಿಸಿ ಹೇಳಿದೆ. ಸಂಜೆಯ ರೈಲಿನಲ್ಲಿ ವಡೋದರಾಕ್ಕೆ ವಾಪಸ್ಸಾದೆ.

ಸೋಮವಾರ ಬೆಳಿಗ್ಗೆ ಸೂರತ್ ಗಾಡಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ಬೆನ್ ಮಡಿಲಲ್ಲಿ ಸ್ಯಾಂಪಲ್ಲಿನ ಡಬ್ಬಿ, ನಮ್ಮ ಹೈಪೊ ಬಾಟಲಿ ಇಟ್ಟುಕೊಂಡು ಕೂತಿದ್ದರು. ಸಪ್ಪೆ ಮುಖ. ಗಾಡಿ ಹೊರಟದ್ದೇ ತಡ ನಾನು ಹಾಳೆ ಬಿಡಿಸಿದೆ. ಮೊದಲ ಸಲ ಹೇಳಿದಾಗ ಅವರು ಮಿಸುಕಲಿಲ್ಲ. ಹಾಳೆ ತೆಗೆದುಕೊಂಡು ಕನ್ನಡಕ ಏರಿಸಿ, "ಮತ್ತೊಮ್ಮೆ ಹೇಳು, ನಿಧಾನವಾಗಿ," ಎಂದರು. ಎರಡನೇ ಸಲ ಒಂದೊಂದು ಸಾಲಿಗೂ ತಡೆದು ಪ್ರಶ್ನೆ ಕೇಳಿದರು. ಫ್ಲಾಸ್ಕಿನ ಮೇಲಿನ ಇಪ್ಪತ್ತೇಳನ್ನು ಇಷ್ಟು ವರ್ಷ ಕಂಪನಿಯ ಗುರುತು ಎಂದುಕೊಂಡಿದ್ದರಂತೆ. ಭರೂಚ್ ಬರುವ ಹೊತ್ತಿಗೆ ಲೆಕ್ಕ ಪೂರ್ತಿ ಅವರದಾಗಿತ್ತು. ನರ್ಮದೆಯ ಸೇತುವೆಯ ಮೇಲೆ ಗಾಡಿ ಧಡಧಡ ಎನ್ನುವಾಗ ಅವರು ಬಾಯಿಗೆ ಸೆರಗು ಹಿಡಿದು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನನಗೆ ಕಲಿಸಿದವರಿಗೂ ಇದು ಗೊತ್ತಿರಲಿಲ್ಲ ಅನ್ನಿಸುತ್ತದೆ. ಅವರಿಗೆ ಯಾರೋ ಹೇಳಿದ್ದರು, ಅವರು ಮಾಡಿದರು," ಎಂದರು. ನಾನು ಆ ಮುಖವನ್ನೇ ನೋಡುತ್ತಿದ್ದೆ. ಕಾದದ್ದು ಸಾರ್ಥಕವಾಯಿತು ಎಂದುಕೊಂಡೆ.

ಸೂರತ್ತಿನ ಲ್ಯಾಬಿನಲ್ಲಿ ಬಣ್ಣದ ಪುಡಿಗಳ ಘಾಟು. ಕೆಮಿಸ್ಟ್ ನನ್ನ ವಯಸ್ಸಿನವನೇ. "ಬನ್ನಿ ಮಾಸಿ, ಲೈಟು ಸಾಕಾ, ಇನ್ನೊಂದು ಹಾಕಲಾ?" ಎಂದ. ಬೆನ್ ಕನ್ನಡಕ ಏರಿಸಿದರು. ಸ್ಯಾಂಪಲ್ ತೂಗಿದರು, ಕರಗಿಸಿದರು, ಅಯೊಡೈಡ್ ಹಾಕಿದರು. ನೀಲಿ ದ್ರಾವಣ ಒಮ್ಮೆಲೇ ಕಂದಾಯಿತು. ಬ್ಯೂರೆಟ್ಟಿಗೆ ಸೂರತ್ತಿನವರ ಹೈಪೊ ತುಂಬಿದರು. ಕಂದು ಬಣ್ಣ ಹಳದಿಯಾಗುತ್ತಿದ್ದಂತೆ ಗಂಜಿ ನೀರು ಬಿದ್ದು ಫ್ಲಾಸ್ಕು ಕಡುನೀಲಿಯಾಯಿತು. ಆಮೇಲೆ ಹನಿ, ಒಂದೊಂದೇ ಹನಿ. ಎಷ್ಟು ಸಲ ನೋಡಿದ್ದರೂ ಆ ಗಳಿಗೆಯಲ್ಲಿ ನನಗೆ ಉಸಿರು ನಿಲ್ಲುತ್ತದೆ. ಒಂದು ಹನಿ ಮುಂಚೆ ನೀಲಿ, ಆ ಹನಿ ಬಿದ್ದಮೇಲೆ ಮಜ್ಜಿಗೆಯಂಥ ಬಿಳಿ. ಬೆನ್ ಅಂಕಿ ಓದಿದರು, ಕೆಮಿಸ್ಟನೂ ಬಗ್ಗಿ ಓದಿದ. ಇಬ್ಬರದೂ ಒಂದೇ. ಲೆಕ್ಕ ಹಾಕಿದರೆ 99.1.

"ಈಗ ನಮ್ಮ ಬಾಟಲಿ," ಎಂದರು ಬೆನ್. ಅದೇ ಸ್ಯಾಂಪಲ್, ಅದೇ ಕೈ, ಅದೇ ಕಣ್ಣು, ನಮ್ಮ ಹೈಪೊ. ಚೀಟಿಯಲ್ಲಿದ್ದ ಸಾಂದ್ರತೆ ಹಿಡಿದು ಲೆಕ್ಕ ಹಾಕಿದರೆ 98.6. ಕೆಮಿಸ್ಟ್ ತಲೆ ಕೆರೆದುಕೊಂಡ. ಆಗ ನಾನು ಮುಂದೆ ಬಂದು ಹೇಳಿದೆ. ಈ ಹೈಪೊವನ್ನು ಒರೆಗೆ ಹಚ್ಚಿದ ಡೈಕ್ರೋಮೇಟ್ ಮಾಡಿದ್ದು ನಾನು, ಬಿಸಿ ನೀರಿನಲ್ಲಿ ಗೀಟು ನಿಲ್ಲಿಸಿದೆ, ತಪ್ಪು ನನ್ನದು, ಇವರ ಕಣ್ಣಿನದ್ದಲ್ಲ. ಬೇಕಾದರೆ ನಿಮ್ಮ ಡೈಕ್ರೋಮೇಟಿನಿಂದ ನಮ್ಮ ಹೈಪೊ ಪರೀಕ್ಷಿಸಿ ಎಂದೆ. ಆತ ಪರೀಕ್ಷಿಸಿದ. ಚೀಟಿಯಲ್ಲಿದ್ದದ್ದಕ್ಕಿಂತ ಅರ್ಧ ಪರ್ಸೆಂಟ್ ಗಟ್ಟಿ ಬಂತು. ನಾನು ಬೆನ್‌ರನ್ನು ಅಪ್ಪಿಕೊಂಡೇಬಿಟ್ಟೆ. ಕೆಮಿಸ್ಟ್ ಎರಡು ಕೈ ಜೋಡಿಸಿ, "ತಪ್ಪಾಯಿತು ಬೆನ್," ಎಂದ. ಮಾಸಿ ಎನ್ನಲಿಲ್ಲ. ಸರ್‌ಗೆ ಫೋನ್ ಮಾಡಿದರೆ, "ಮೇಜು ಬೆನ್‌ರದ್ದೇ, ಹೇಳು ಅವರಿಗೆ," ಎಂದರು.

ವಾಪಸ್ಸು ಬರುವಾಗ ಸೂರತ್ ಸ್ಟೇಷನ್ನಿನಲ್ಲಿ ಗಾಡಿ ತಡವಾಗಿತ್ತು. ಕಲ್ಲು ಬೆಂಚಿನ ಮೇಲೆ ಕೂತು ಖಮಣ್ ತಿನ್ನುತ್ತಾ ನಾನು ಇನ್ನೂ ಮಾತಾಡುತ್ತಲೇ ಇದ್ದೆ. ಮಹಡಿಯ ಕೋಣೆಗೆ ಒಂದು ಥರ್ಮಾಮೀಟರ್ ಹಾಕಿಸಬೇಕು, ಪ್ರತಿ ಚೀಟಿಯ ಮೇಲೂ ಡಿಗ್ರಿ ಬರೆಯಬೇಕು. ಬೆನ್ ನಡುವೆ ತಡೆದರು.

"ಈ ಲೆಕ್ಕ ನಿನಗೆ ಹೊಳೆದದ್ದು ಯಾವಾಗ?"

"ನಿನ್ನೆ ಬೆಳಿಗ್ಗೆ."

"ಕೇಟ್ಲಾ ವಾಗೇ?"

ಎಷ್ಟು ಗಂಟೆಗೆ ಎಂದು ಕೇಳುತ್ತಿದ್ದರು. "ಒಂಬತ್ತೂಕಾಲಿಗೆಲ್ಲ ಸರ್‌ಗೆ ಫೋನ್ ಮಾಡಿಬಿಟ್ಟೆ!" ಎಂದೆ. ಹೆಮ್ಮೆ ಇತ್ತು ಆ ಉತ್ತರದಲ್ಲಿ. ಆಮೇಲೆ ಅಮ್ಮ, ಗೆಳತಿಯರು, ಚಿಕ್ಕಪ್ಪನ ಆಫೀಸಿನವರು ಎಂದು ಎಲ್ಲರ ಪಟ್ಟಿ ಒಪ್ಪಿಸಿದೆ. ನಿಮ್ಮ ಮುಖ ನೋಡಬೇಕೆಂದೇ ನಿಮಗೆ ಉಳಿಸಿಟ್ಟಿದ್ದೆ ಎಂದೂ ಹೇಳಿದೆ.

ಬೆನ್ ಚೀಲದ ಒಳಗಿನ ಜೇಬಿನಿಂದ ನಾಲ್ಕು ಮಡಿಕೆಯ ಗೆರೆ ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. ಗುಜರಾತಿ ಅಕ್ಷರಗಳನ್ನು ನಾನು ಕೂಡಿಸಿ ಕೂಡಿಸಿ ಓದುತ್ತೇನೆ. ಸರ್‌ಗೆ ಬರೆದ ಪತ್ರ. 'ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಗಿದೆ. ಸೂರತ್ತಿನ ಫಲಿತಾಂಶ ಏನೇ ಬರಲಿ, ನನ್ನನ್ನು ಮೇಜಿನಿಂದ ಬಿಡಿಸಿ. ಹುಡುಗಿ ತಯಾರಾಗಿದ್ದಾಳೆ, ಕೈ ಒಳ್ಳೆಯದು.' ಕೆಳಗೆ ಸಹಿ. ಲ್ಯಾಬಿನ ಅಭ್ಯಾಸ ಮನೆಯಲ್ಲೂ ಬಿಟ್ಟಿರಲಿಲ್ಲ, ಸಹಿಯ ಪಕ್ಕ ತಾರೀಖು, ಗಂಟೆ ಬರೆದಿದ್ದರು. ಭಾನುವಾರ, ಸಂಜೆ ಐದು.

ಸಹಿಯ ಪಕ್ಕದ ಗಂಟೆಯನ್ನು ಇನ್ನೊಮ್ಮೆ ಓದಿದೆ.

"ಒಂಬತ್ತೂಕಾಲಿನಿಂದ ಐದರವರೆಗೆ," ಎಂದರು ಬೆನ್. ದನಿಯಲ್ಲಿ ಸಿಟ್ಟಿರಲಿಲ್ಲ, ಮೇಜಿನ ಮುಂದೆ ನಿಂತು ಕೇಳುವ ಹಾಗೆಯೇ ಕೇಳಿದರು. "ಎಷ್ಟಾಯಿತು, ಲೆಕ್ಕ ಹಾಕು."

"ಏಳೂ ಮುಕ್ಕಾಲು ಗಂಟೆ," ಎಂದೆ. ಅಷ್ಟು ಹೊತ್ತೂ ಫೋನು ನನ್ನ ಕೈಯಲ್ಲೇ ಇತ್ತು.